ಎಡಗಡೆಯ ಗೆರೆ, ಕರಡಿಗೆಯ ಗುರುತು

ನನ್ನ ಮಗನ ಎದೆಯ ಮೇಲೆ ಎರಡು ಗೆರೆಗಳಿವೆ. ಬಲಗಡೆಯದು ಸಣ್ಣದು, ದೂರದಿಂದ ನೋಡಿದರೆ ಚರ್ಮದ ಮಡಿಕೆಯೇನೋ ಅನ್ನಿಸುತ್ತದೆ. ಎಡಗಡೆಯದು ಬೆರಳಗಲ, ಉಬ್ಬಿಕೊಂಡಿದೆ, ನಡುವೆ ಒಂದು ಕಡೆ ಲಿಂಬೆಹಣ್ಣಿನ ಹೋಳಿನಷ್ಟು ದುಂಡಗಾಗಿದೆ. ಬಲಗಡೆಯದು ಡಾಕ್ಟರ ಕೈಯ ಕೆಲಸ. ಎಡಗಡೆಯದು ನನ್ನದು.

ಇದನ್ನು ಬರೆಯಲು ಕೂತಿರುವ ಕಾರಣ ಹೇಳುತ್ತೇನೆ. ಹೋದ ತಿಂಗಳು ರನ್ನ ಬೆಳಗಲಿಯಿಂದ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದರು. ನನ್ನ ತಂಗಿಯ ಕಡೆಯಿಂದ ಗುರುತು ಹೇಳಿಕೊಂಡು ಬಂದವರು. ಚಹಾ ಕುಡಿದರು, ಅವಲಕ್ಕಿ ತಿಂದರು, ಮಗ್ಗ ಎಷ್ಟು ಅಂತ ಕೇಳಿದರು, ಬಿಸಿಲಿನ ಮಾತಾಡಿದರು. ಜೊತೆಗೆ ಬಂದ ಹದಿನೆಂಟರ ಕೂಸು ದಪ್ಪ ಸ್ವೆಟರ್ ಹಾಕಿಕೊಂಡು, ಬೆನ್ನು ಗೂನು ಮಾಡಿಕೊಂಡು, ಬಾಗಿಲ ಹತ್ತಿರ ಕೂತಿತ್ತು. ಅಂಥ ಬೇಸಗೆಯಲ್ಲಿ ಸ್ವೆಟರ್. ನನಗೆ ಎಲ್ಲ ತಿಳಿಯಿತು. ಆದರೂ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು. ಅವತ್ತಿನಿಂದ ನನ್ನ ಕೈ ಒಂದು ಕಡೆ ನಿಲ್ಲುತ್ತಿಲ್ಲ. ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತೇನೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಏಳನೆಯ ಇಯತ್ತೆ ಕಲಿತವಳು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಮಗ ಹುಟ್ಟಿದಾಗ ಹೆಣ್ಣು ಕೂಸೆಂದು ಸಕ್ಕರೆ ಹಂಚಿದೆವು. ಆಗ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನು ಬೇಡ ಅಂದಿದ್ದಾನೆ. ಈಗಿನ ಹೆಸರು ಮಲ್ಲಿಕಾರ್ಜುನ, ನಮಗೆ ಮಲ್ಲು. ಅವನನ್ನು ‘ಅವನು’ ಎಂದು ಕರೆಯಲು ನನ್ನ ನಾಲಿಗೆಗೆ ಮೂರು ವರ್ಷ ಬೇಕಾಯಿತು. ಬಂದ ಮೇಲೆ ಬಿಟ್ಟಿಲ್ಲ.

ನಮ್ಮದು ಬನಹಟ್ಟಿ. ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್. ಕರೆಂಟು ಇದ್ದಷ್ಟು ಹೊತ್ತು ಮನೆಯ ಗೋಡೆಯೆಲ್ಲ ಗಡಗಡ. ಯಜಮಾನರು ಮಾತು ಕಡಿಮೆಯವರು, ಮಗ್ಗದ ಸದ್ದಿನೊಳಗೆ ಮಾತಾಡಿದರೂ ಕೇಳುವುದಿಲ್ಲ ಅನ್ನುವುದು ಅವರ ನೆಪ. ನಾವು ಲಿಂಗವಂತರು. ಕೂಸು ಹುಟ್ಟಿದ ಕೂಡಲೇ ಅಯ್ಯನವರು ಬಂದು ಅದಕ್ಕೆ ಇಷ್ಟಲಿಂಗ ಕಟ್ಟುತ್ತಾರೆ, ಗಂಡಾದರೂ ಸರಿ ಹೆಣ್ಣಾದರೂ ಸರಿ. ಬೆಳ್ಳಿಯ ಕರಡಿಗೆಯೆಂಬ ಸಣ್ಣ ಡಬ್ಬಿಯಲ್ಲಿ ಅದನ್ನಿಟ್ಟು, ಶಿವದಾರದಿಂದ ಎದೆಯ ಮೇಲೆ ಇಳಿಬಿಟ್ಟುಕೊಳ್ಳುತ್ತೇವೆ. ಉಸಿರಿರುವ ತನಕ ಅದು ಮೈ ಬಿಟ್ಟು ಇರಬಾರದು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಶ್ರಾವಣದ ಒಂದು ಸೋಮವಾರ ನಮ್ಮ ಮನೆಯಲ್ಲಿ ಅಯ್ಯನವರ ಪಾದಪೂಜೆ. ಗಂಡಸರು ಅಂಗಿ ಬಿಚ್ಚಿ, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದುಕೊಂಡು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಸಾಲಾಗಿ ಕೂಡುತ್ತಾರೆ. ಹೆಂಗಸರು ಹಿಂದೆ, ಸೆರಗು ಹೊದ್ದು. ಮಲ್ಲುಗೆ ಆಗ ಆರು ವರ್ಷ. ನಾನು ಒಳಗೆ ನೈವೇದ್ಯ ತೆಗೆಯುತ್ತಿದ್ದೆ. ಹೊರಗೆ ನಗು ಕೇಳಿತು. ಬಂದು ನೋಡಿದರೆ ಇವನು ಫ್ರಾಕು ತೆಗೆದು ಕಂಬದ ಹತ್ತಿರ ಎಸೆದು, ಸಣ್ಣ ಎದೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಅಪ್ಪನ ಮಗ್ಗುಲಿಗೆ ಕಾಲು ಮಡಚಿ ಕೂತಿದ್ದ.

“ಏನ ಬೇ ಇದು! ಹೆಣ್ಣಹುಡುಗಿ ಬರೀ ಮೈಲೆ ಗಂಡಸರೊಳಗ ಕುಂತೈತಿ!” ಅಂದರು ನಮ್ಮ ಅತ್ತೆಯವರು.

“ಅಪ್ಪಾನೂ ಅಂಗಿ ತಗದಾನಲ್ಲ ಆಯಿ.”

ಎಲ್ಲರೂ ನಕ್ಕರು, ಯಜಮಾನರೂ ನಕ್ಕರು. ಅತ್ತೆಯವರು ರಟ್ಟೆ ಹಿಡಿದು ಎತ್ತಿ ತಂದು ನನ್ನ ಮಡಿಲಿಗೆ ಹಾಕಿದರು. ಅವನು ಅಳಲಿಲ್ಲ. ಪೂಜೆ ಮುಗಿಯುವ ತನಕ ಅಪ್ಪನ ಮಗ್ಗುಲಲ್ಲಿ ಖಾಲಿ ಉಳಿದ ಜಾಗವನ್ನು ನೋಡುತ್ತ ಕೂತಿದ್ದ. ಆ ಜಾಗ ಅವನ ಕಣ್ಣಿನಿಂದ ಹೋಗಲೇ ಇಲ್ಲ ಅನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಹದಿಮೂರು ತುಂಬುವ ಹೊತ್ತಿಗೆ ಅವನು ಹೆಗಲು ಬಾಗಿಸಿ ನಡೆಯತೊಡಗಿದ. ಬಾಗಿಲು ಹಾಕಿಕೊಂಡು ಸ್ನಾನ, ಬಾಗಿಲು ಹಾಕಿಕೊಂಡು ಬಟ್ಟೆ. ವಯಸ್ಸಿನ ನಾಚಿಕೆ ಅಂದುಕೊಂಡೆ. ಒಂದು ದಿನ ಬಟ್ಟೆ ಒಗೆಯುವಾಗ ಅವನ ಅಂಗಿಯೊಳಗಿಂದ ಸೀರೆಯ ದಡಿಯ ಪಟ್ಟಿ ಉದ್ದಕ್ಕೆ ಬಿಚ್ಚಿಕೊಂಡು ಬಂತು. ನಮ್ಮದೇ ಮಗ್ಗದ್ದು, ಗಂಜಿ ಹಾಕಿದ ಬಿರುಸು ನೂಲಿನದು. ಅದರ ಅಂಚಿಗೆ ರಕ್ತ ಹತ್ತಿತ್ತು. ಎದೆ ಕಾಣಬಾರದೆಂದು ಅದನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದನಂತೆ. ನಾನು ಬೈದೆ, ಪಟ್ಟಿ ಒಲೆಗೆ ಹಾಕಿದೆ. ಮುಂದಿನ ವಾರ ಸೈಕಲ್ಲಿನ ಟ್ಯೂಬು ಕತ್ತರಿಸಿ ಕಟ್ಟಿಕೊಂಡ. ಬೇಸಗೆಯಲ್ಲಿ ರಬ್ಬರಿನ ಕೆಳಗೆ ಚರ್ಮ ಬೆಂದು ಹೋಯಿತು. ಅಂದರೆ ಮೊದಲ ಗುರುತುಗಳನ್ನು ಯಾವ ಡಾಕ್ಟರೂ ಮಾಡಲಿಲ್ಲ. ಅವು ನಮ್ಮ ಮನೆಯಲ್ಲಿಯೇ, ನಾವೆಲ್ಲ ಇರುವಾಗಲೇ ಆದವು. ಕೊಬ್ಬರಿ ಎಣ್ಣೆ ಹಚ್ಚುತ್ತ ನಾನು ಕೇಳಿದೆ.

“ಯಾಕ ಹಿಂಗ ಮಾಡ್ಕೋತಿ, ನನ್ನವ್ವಾ?”

“ಅವ್ವ ಅನಬ್ಯಾಡ ನನಗ,” ಅಂದ. ಅಷ್ಟೇ.

ಜಮಖಂಡಿಯಲ್ಲಿ ಕಾಲೇಜು ಮುಗಿಸಿ, ಬಾಡಗಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ. ಎರಡು ವರ್ಷ ಮನೆಯಲ್ಲಿ ಏನೂ ಹೇಳದೆ ಪತ್ರ ಬರೆದು, ಪೇಪರಿನಲ್ಲಿ ಓದಿ, ಮುಂಬಯಿಯ ಒಬ್ಬ ಡಾಕ್ಟರನ್ನು ಹುಡುಕಿಕೊಂಡಿದ್ದ. ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಒಲೆಯ ಮುಂದೆ ಕೂತ.

“ಯವ್ವಾ, ಆಪರೇಶನ್ ಮಾಡಿಸ್ಕೊಳ್ಳಾಕ ಹೊಂಟೇನಿ. ನೀ ಬರ್ತಿ ಏನು?”

“ಏನಾಗೇತಿ ನಿನಗ?”

“ಏನೂ ಆಗಿಲ್ಲ. ಇದನ್ನ ತಗಸ್ತೇನಿ.” ಎದೆಯ ಮೇಲೆ ಕೈ ಇಟ್ಟುಕೊಂಡ. “ನಾ ಹೆಣ್ಣಲ್ಲ ಬೇ ಯವ್ವಾ. ನಿನಗೂ ಗೊತ್ತೈತಿ.”

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ನನಗೆ ಗೊತ್ತಿತ್ತೇ? ಗೊತ್ತಿತ್ತು. ಗೊತ್ತಿದ್ದದ್ದನ್ನು ಎಲ್ಲೋ ಡಬ್ಬಿಯ ತಳದಲ್ಲಿ ಇಟ್ಟು ಮುಚ್ಚಳ ಬಿಗಿದಿದ್ದೆ. ಮದುವೆ, ಜನ, ಅತ್ತೆಯವರ ಆತ್ಮ, ಶಿವನ ಮುಂದಿನ ಲೆಕ್ಕ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಎಲ್ಲ ಕೇಳಿದ. ಕೊನೆಗೆ ಹೇಳಿದ:

“ನನಗ ಮತ್ತೇನೂ ಬ್ಯಾಡ. ಒಂದ ಸಲ ಅಂಗಿ ತಗದು ಅಪ್ಪನ ಬಾಜೂಕ ಕುಂದರಬೇಕು. ಪಾದಪೂಜಿ ದಿನ. ಅಷ್ಟ.”

ಯಜಮಾನರಿಗೆ ಅವನೇ ಹೋಗಿ ಹೇಳಿದ. ನಾಲ್ಕೂ ಮಗ್ಗ ನಿಂತವು. ಕರೆಂಟು ಇದ್ದಾಗ ನಮ್ಮ ಮನೆ ಅಷ್ಟು ಶಾಂತವಾಗಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅವರ ದನಿ ಬಂತು. “ಹೋಗೂದಾದ್ರ ಹೋಗು. ನಾ ತಡ್ಯಾಂಗಿಲ್ಲ. ಆದ್ರ ನನ್ನ ಬಾಜೂಕ ಬಂದು ಕುಂದರೂ ಮಾತು ಆಡಬ್ಯಾಡ.” ಮಗ್ಗ ಮತ್ತೆ ಶುರುವಾದವು.

ನಾವಿಬ್ಬರು ಮಿರಜಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಹೋದೆವು. ಒಮ್ಮೆ ಹೋಗಿ ಕತ್ತರಿಸಿಕೊಂಡು ಬರುವ ಕೆಲಸ ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ಮನಸ್ಸಿನ ಡಾಕ್ಟರು. ಅವರ ಹತ್ತಿರವೇ ಒಂದು ವರ್ಷದಲ್ಲಿ ಐದು ಸಲ. ಆ ಆಸ್ಪತ್ರೆಯ ಉದ್ದನೆಯ ಬೆಂಚು ನನ್ನ ವೈರಿ. ಕೂತರೆ ಕಾಲು ತಾನಾಗಿ ಅಲುಗಾಡುತ್ತದೆ, ಎದ್ದರೆ ಜಾಗ ಹೋಗುತ್ತದೆ. ಬೆಂಚಿನ ಮೇಲಿನ ಹೆಂಗಸರು ಮೊದಲು ಕೇಳುವುದೇ “ಯಾರಿಗೆ ಆರಾಮಿಲ್ಲ?” ಅಂತ. ನನಗೆ ಮರಾಠಿ ಬರುತ್ತದೆ. ಬಾರದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. “ಮಗಳಿಗೆ,” ಅಂದೆ. ಅದೇ ಹೊತ್ತಿಗೆ ನರ್ಸು “ಮಲ್ಲಿಕಾರ್ಜುನ!” ಎಂದು ಕೂಗಿದಳು, ಇವನು ಎದ್ದು ಹೋದ. ಬೆಂಚು ನನ್ನನ್ನೇ ನೋಡಿತು. “ಎದೆಯಲ್ಲಿ ಗಂಟು,” ಎಂದೆ ಗಾಬರಿಯಲ್ಲಿ. ಗಂಡಸಿಗೂ ಆಗುತ್ತದೆಯೇ ಅಂತ ಒಬ್ಬಳು ಕೇಳಿದಳು. ಆಗುತ್ತದೆ ಅಂದೆ. ಮೂಗುತಿಯ ಒಬ್ಬ ಮುದುಕಿ ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟಳು. ಸುಳ್ಳಿನ ಬಾಳೆಹಣ್ಣು. ಆದರೂ ತಿಂದೆ, ಹಸಿವಾಗಿತ್ತು.

ಅವತ್ತೇ ಮನಸ್ಸಿನ ಡಾಕ್ಟರು ನನ್ನನ್ನೂ ಒಳಗೆ ಕರೆದರು. ಯಾವಾಗಿನಿಂದ ಹೀಗೆ ಅಂತ ಕೇಳಿದರು. ನಾನು ಇವನ ಕಡೆ ನೋಡದೆ, ಶ್ರಾವಣದ ಸೋಮವಾರದ ಸಂಗತಿ ಹೇಳಿದೆ, ಕಂಬದ ಹತ್ತಿರ ಎಸೆದ ಫ್ರಾಕು, ಮೂರು ಬೆರಳಿನ ವಿಭೂತಿ. ಡಾಕ್ಟರು ಬರೆದುಕೊಂಡರು. ಹೊರಗೆ ಬಂದ ಮೇಲೆ ಮಲ್ಲು ಕೇಳಿದ, “ನಿನಗ ಅದು ನೆನಪೈತಿ?”

“ತಾಯಿ ಅಲ್ಲೇನಲೇ ನಾ!”

ಅವತ್ತು ಮೊದಲ ಸಲ ಅವನಿಗೆ ‘ಲೇ’ ಅಂದೆ. ಬೇಕೆಂದು ಅಂದದ್ದಲ್ಲ, ಬಾಯಿಂದ ಬಂತು. ಅವನು ನಗುತ್ತ ಇಡೀ ಕಾರಿಡಾರು ನಡೆದ. ದಿನಾ ಪೂಜೆಯ ಹೊತ್ತಿಗೆ ಹಿಂದಿನ ದಿನ ಶಿವ ಏನು ಕೊಟ್ಟ ಅಂತ ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಮರುದಿನ ಎಣಿಸಿದೆ: ಬಾಳೆಹಣ್ಣು ಒಂದು, ಡಾಕ್ಟರು ಬರೆದುಕೊಂಡದ್ದು ಎರಡು, ಅವನ ನಗು ಮೂರು.

ಆಪರೇಶನ್ ದಿನ ಬೆಳಿಗ್ಗೆ ನರ್ಸು ಬಂದು ಮೈಮೇಲಿನದೆಲ್ಲ ತೆಗೆಯಿರಿ ಅಂದಳು. ಉಂಗುರ, ವಾಚು. ಆಮೇಲೆ ಕರಡಿಗೆಗೆ ಕೈ ತೋರಿಸಿದಳು.

“ಅದನ್ನು ತೆಗೆಯುವ ಹಾಗಿಲ್ಲ ಸಿಸ್ಟರ್,” ಅಂದೆ ನಾನು.

“ಚಾಕು ಹಾಕುವ ಜಾಗದಲ್ಲಿ ದಾರ ತೂಗಿದರೆ ಡಾಕ್ಟರು ನನ್ನನ್ನು ಬೈತಾರೆ ಮಾವಶಿ,” ಅಂದಳು. ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ.

ನಾನು ಬಾಗಿಲಿಗೆ ಅಡ್ಡ ನಿಂತೆ. ಮಲ್ಲು ತಾನೇ ತಲೆಯ ಮೇಲಿಂದ ಶಿವದಾರ ತೆಗೆದು, ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಅಂಗೈಯಲ್ಲಿಟ್ಟ. “ನೀ ಹಿಡ್ಕೊಂಡಿದ್ರ ನನ್ನ ಮೈಮ್ಯಾಲ ಇದ್ದಂಗ ಅಲ್ಲೇನು?” ಅಂದ. ತಳ್ಳುಗಾಡಿ ಹೋಯಿತು. ಕೈಗೆ ಕಟ್ಟಲು ಬರುತ್ತದೆಯೇ ಎಂದು ನರ್ಸನ್ನು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ನಾಲ್ಕು ತಾಸು ನಾನು ಕೂಡಲಿಲ್ಲ. ಆ ಕಿಟಕಿಯಿಂದ ಈ ಬಾಗಿಲಿಗೆ, ಈ ಬಾಗಿಲಿನಿಂದ ಆ ಕಿಟಕಿಗೆ. ಕರಡಿಗೆ ಅಂಗೈಯಲ್ಲಿ ಬಿಸಿಯಾಗಿತ್ತು. ಅವನ ಮೈ ಮೇಲೆ ಅದು ಇಲ್ಲದಾಗ ನಾನು ನೀರು ಹೇಗೆ ಕುಡಿಯಲಿ? ಕುಡಿಯಲಿಲ್ಲ. ಒಳಗೆ ಅವನಿಗೆ ಏನಾದರೂ ಆದರೆ ಬರಿ ಕೊರಳಿನಲ್ಲಿ ಹೋಗುತ್ತಾನೆ ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ನಿಜ ಹೇಳುತ್ತೇನೆ, ಅವನ ಗಾಯಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಹೊರಗೆ ತಂದಾಗ ಎದೆಗೆಲ್ಲ ಬಿಳಿ ಪಟ್ಟಿ, ಎರಡೂ ಕಂಕುಳ ಕೆಳಗಿನಿಂದ ಎರಡು ನಳಿಕೆ, ನಳಿಕೆಯ ತುದಿಗೆ ಬಾಟಲಿ, ಬಾಟಲಿಯಲ್ಲಿ ಕೆಂಪು ನೀರು. ಅವನು ಕಣ್ಣು ತೆರೆದು ತನ್ನ ಎದೆಯನ್ನೇ ನೋಡಿಕೊಂಡ. ಪಟ್ಟಿಯ ಕೆಳಗೆ ಸಪಾಟಾಗಿತ್ತು. “ಚಪ್ಪಟ್ಟ ಆಗೇತಿ,” ಅಂದು ಮತ್ತೆ ನಿದ್ದೆ ಹೋದ. ಅವನ ಅಂಥ ಮುಖವನ್ನು ಅವನು ಆರು ವರ್ಷದವನಿದ್ದಾಗ ಕಂಡಿದ್ದೆ, ಅಪ್ಪನ ಮಗ್ಗುಲಲ್ಲಿ, ಅತ್ತೆಯವರು ಎತ್ತುವ ಮೊದಲು.

ನಾಲ್ಕನೆಯ ದಿನ ನಳಿಕೆ ತೆಗೆದರು, ಹೊಸ ಪಟ್ಟಿ ಸುತ್ತಿದರು. ಇನ್ನೊಂದು ವಾರ ಬಿಚ್ಚುವುದಿಲ್ಲ ಅಂದರು. ನರ್ಸು ಆಚೆ ಹೋದದ್ದನ್ನು ನೋಡಿಕೊಂಡು ನಾನು ಕರಡಿಗೆಯನ್ನು ತೊಳೆದು, ವಿಭೂತಿ ಹಚ್ಚಿ, ಅವನ ಕೊರಳಿಗೆ ಹಾಕಿದೆ. ಅದು ಪಟ್ಟಿಯ ಮೇಲೆ ಕೂತಿತು. ಪಟ್ಟಿಯ ಮೇಲೆ ಕೂತರೆ ಮೈಗೆ ಹತ್ತಿದಂತಾಯಿತೇ? ನನ್ನ ಮನಸ್ಸು ಒಪ್ಪಲಿಲ್ಲ. ಬೆರಳಿನಿಂದ ಪಟ್ಟಿಯ ಮೇಲಂಚು ಸಡಿಲಿಸಿ, ಕರಡಿಗೆಯನ್ನು ಎಡಗಡೆ, ಹೃದಯದ ಮೇಲೆ, ಒಳಗೆ ತಳ್ಳಿದೆ.

“ಯವ್ವಾ, ಒತ್ತತೈತಿ.”

“ಶಿವ ಹತ್ರ ಇದ್ರ ಒಂದೀಟು ಒತ್ತತೈತಿ. ಸುಮ್ಮನಿರು.”

ಸುಮ್ಮನಿದ್ದ. ಎರಡು ದಿನ, ಮೂರು ದಿನ. ನನಗೆ ಸಮಾಧಾನವಾಗಿದೆ ಅಂತ ನೋಡಿ ಸುಮ್ಮನಿದ್ದ. ಆ ಮೂರು ದಿನ ನಾನು ಮೊದಲ ಸಲ ಆ ಬೆಂಚಿನ ಮೇಲೆ ಕಾಲು ಅಲುಗಾಡಿಸದೆ ಕೂತೆ, ಬೆರಳು ಮಡಚಿದೆ, ಉಪ್ಪಿಟ್ಟು ತಿಂದೆ.

ಕರಡಿಗೆ ಇಟ್ಟ ನಾಲ್ಕನೆಯ ದಿನ ಜ್ವರ. ಮಧ್ಯಾಹ್ನ ಡಾಕ್ಟರು ಬಂದು ಪಟ್ಟಿ ಬಿಚ್ಚಿದರು. ಬಲಗಡೆ ಒಣಗಿತ್ತು. ಎಡಗಡೆಯಿಂದ ಮೊದಲು ವಾಸನೆ ಬಂತು, ಆಮೇಲೆ ಕರಡಿಗೆ ಬಂತು. ಅದು ಹೊಲಿಗೆಯ ಮೇಲೆಯೇ ಒತ್ತಿ ಕೂತಿತ್ತು. ಹೊಲಿಗೆ ಬಿಟ್ಟಿತ್ತು, ಅಂಚು ಕಪ್ಪಾಗಿತ್ತು, ಬೆಳ್ಳಿಯ ಒಂದು ಮಗ್ಗುಲು ಮಸಿಯ ಹಾಗೆ ಕರ್ರಗಾಗಿತ್ತು.

“ಇದನ್ನು ಯಾರು ಇಟ್ಟರು?” ನರ್ಸಿನ ದನಿ ಇಡೀ ವಾರ್ಡಿಗೆ ಕೇಳಿತು. ಮಲ್ಲು ನನಗಿಂತ ಮೊದಲೇ ಬಾಯಿ ತೆರೆದ. “ನಾನೇ ಇಟ್ಟುಕೊಂಡೆ.”

ಡಾಕ್ಟರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡು ಸೆರಗು ಬಾಯಿಗೆ ಇಟ್ಟುಕೊಂಡೆ. ಅವರು ಕರಡಿಗೆಯನ್ನು ಸ್ಪಿರಿಟ್ಟಿನಲ್ಲಿ ತಾವೇ ತೊಳೆದು, ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟರು. ಮರಾಠಿಯಲ್ಲಿ ಕೇಳಿದರು, “ಮಾವಶಿ, ಇದನ್ನು ಕೈಗೆ ಕಟ್ಟಿದರೆ ನಡೆಯುವುದಿಲ್ಲವೇ?”

ನಡೆಯುತ್ತದೆ. ನಮ್ಮಲ್ಲಿ ತೋಳಿಗೆ ಕಟ್ಟಿಕೊಳ್ಳುವವರೂ ಇದ್ದಾರೆ, ಹೊಲದಲ್ಲಿ ದುಡಿಯುವವರು ಹಾಗೆಯೇ ಕಟ್ಟುತ್ತಾರೆ. ನನಗೆ ಗೊತ್ತಿತ್ತು. ಅಂಜಿಕೆಯಲ್ಲಿ ಮರೆತಿದ್ದೆ.

ಎಡಗಡೆಯದನ್ನು ಮತ್ತೆ ಹೊಲಿಯಲು ಬರಲಿಲ್ಲ. ತೆರೆದೇ ಬಿಟ್ಟು, ದಿನಾ ಒಳಗೆ ಔಷಧದ ಬಟ್ಟೆ ತುಂಬಿ, ತಳದಿಂದ ಮಾಯುವ ತನಕ ಕಾಯಬೇಕು ಅಂದರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮಲ್ಲು ಬನಹಟ್ಟಿಗೆ ಬರಲಿಲ್ಲ. ಜಮಖಂಡಿಯಲ್ಲಿ ನನ್ನ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿ ಇಳಿದ. ಅಲ್ಲಿಯ ಒಬ್ಬ ಕಂಪೌಂಡರು ನನಗೆ ಪಟ್ಟಿ ಕಟ್ಟುವುದನ್ನು ಕಲಿಸಿದರು. ದಿನಾ ಮನೆಯ ಕೆಲಸ ಮುಗಿಸಿ ಬಸ್ಸು ಹತ್ತುವುದು, ಪಟ್ಟಿ ಬಿಚ್ಚುವುದು, ತೊಳೆಯುವುದು, ಕಟ್ಟುವುದು, ಮತ್ತೆ ಬಸ್ಸು. ಬಸ್ಸು ನಿಂತರೆ ನನಗೆ ಸಿಟ್ಟು, ನಡೆದರೆ ಅಂಜಿಕೆ. ಓಣಿಯಲ್ಲಿ ಕೇಳಿದವರಿಗೆ ತಂಗಿಗೆ ಆರಾಮಿಲ್ಲ ಅಂದೆ. ಪಾಪ, ಗಟ್ಟಿಮುಟ್ಟಾದ ನನ್ನ ತಂಗಿಗೆ ಓಣಿಯವರು ಎಷ್ಟು ಸಲ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಳಿಸಿದರೋ! “ಅಕ್ಕಾ, ನಿನ್ನ ಸುಳ್ಳಿನಾಗ ನಾ ದಪ್ಪ ಆಗಾಕತ್ತೇನಿ,” ಅನ್ನುತ್ತಿದ್ದಳು ಅವಳು.

ಎಡಗಡೆ ಯಾಕೆ ಹೀಗಾಯಿತು ಅಂತ ತಂಗಿ ಕೇಳಿದಾಗ ನಾನು, ತಾನಾಗಿ ಕೀವಾಯಿತು ಅಂದೆ. ಯಜಮಾನರಿಗೂ ಅದನ್ನೇ ಹೇಳಿದೆ. ಮಲ್ಲು ಪಕ್ಕದಲ್ಲೇ ಇದ್ದ, ತುಟಿ ಬಿಚ್ಚಲಿಲ್ಲ.

ಆ ದಿನಗಳಲ್ಲಿಯೇ ನಮ್ಮ ಮೂಲೆಯ ಮಗ್ಗಕ್ಕೆ ಏನೋ ಆಯಿತು. ಎರಡು ನಿಮಿಷ ಓಡುವುದು, ನಿಲ್ಲುವುದು. ಮತ್ತೆ ಓಡುವುದು, ನಿಲ್ಲುವುದು. ಅಡುಗೆಮನೆಯಲ್ಲಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. “ಏನ್ರೀ ಅದು, ಒಂದ ಸಮ ನಡೀಲಿ, ಇಲ್ಲಾ ಬಂದ್ ಆಗಲಿ!” ಎಂದು ಕೂಗಿದೆ.

“ಎಳಿ ಹರ್ಯಾಕತ್ತೈತಿ,” ಅಂದರು, ಮುಖ ತಿರುಗಿಸದೆ.

ಎಳೆ ಯಾಕೆ ಹರಿಯುತ್ತಿತ್ತು ಅನ್ನುವುದು ಮೂರನೆಯ ದಿನ ತಿಳಿಯಿತು. ಬಸ್ಸಿಗೆ ಹೊರಟಾಗ ಹೊಸ್ತಿಲ ಮೇಲೆ ಒಂದು ಗಂಟು ಇತ್ತು. ಬಿಚ್ಚಿದರೆ ಬಿಳಿ ಬಟ್ಟೆಯ ಪಟ್ಟಿಗಳು, ಕುದಿಸಿ, ಒಣಗಿಸಿ, ಸುತ್ತಿ ಇಟ್ಟವು. ಕೈಯಲ್ಲಿ ಹಿಡಿದರೆ ಕೂಸಿನ ಅಂಗಿಯಷ್ಟು ಮೆತ್ತಗೆ. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿಗೆ ಗಂಜಿ ಕುಡಿಸದಿದ್ದರೆ ಮಗ್ಗದಲ್ಲಿ ಅದು ತಡೆಯುವುದಿಲ್ಲ, ಮಾರುದ್ದಕ್ಕೆ ಹತ್ತು ಸಲ ಹರಿಯುತ್ತದೆ. ಯಾವ ನೇಕಾರನೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಇವರು ಗಂಜಿಯಿಲ್ಲದ ಹಾಸು ಹೂಡಿ, ಹರಿದ ಎಳೆಯನ್ನೆಲ್ಲ ಒಂದೊಂದಾಗಿ ಗಂಟು ಹಾಕುತ್ತ ನೇಯ್ದಿದ್ದರು.

“ಒಗದ್ರ ಗಂಜಿ ಹೋಗತಿತ್ತಲ್ರೀ,” ಅಂದೆ.

“ಪೂರಾ ಹೋಗಂಗಿಲ್ಲ. ಹಸಿ ಗಾಯಕ್ಕ ಚುಚ್ಚತೈತಿ,” ಅಂದು ಒಳಗೆ ಹೋದರು.

ಆಸ್ಪತ್ರೆಯ ಬಟ್ಟೆಯ ಮೇಲೆ ಅದನ್ನು ಸುತ್ತಿದೆ. ಮಲ್ಲು ಮುಟ್ಟಿ ನೋಡಿದ. ನೇಕಾರನ ಮನೆಯ ಕೂಸು, ಬೆರಳಿಗೆ ಹತ್ತಿದ ಗಂಟುಗಳಿಂದಲೇ ಅವನಿಗೆ ತಿಳಿಯಿತು. ಆ ಪಟ್ಟಿಗಳನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆ.

ಮಾಯಲು ಎರಡು ತಿಂಗಳು ಹಿಡಿಯಿತು. ಮಾಯ್ದ ಮೇಲೂ ಎಡಗಡೆಯದು ಸುಮ್ಮನಾಗಲಿಲ್ಲ. ಕೆಂಪಾಯಿತು, ಉಬ್ಬಿತು, ಕೆರೆತಕ್ಕೆ ಅವನು ಅಂಗಿಯ ಮೇಲಿಂದ ತಿಕ್ಕುತ್ತ ತಿರುಗಾಡಿದ. ಮಿರಜಿನ ಚರ್ಮದ ಡಾಕ್ಟರು ಆ ಉಬ್ಬಿನೊಳಗೇ ಸೂಜಿ ಚುಚ್ಚಿದರು, ಮೂರು ಸಲ. ಆಪರೇಶನ್ನಿಗೆ ಅಳದವನು ಆ ಸೂಜಿಗೆ ನನ್ನ ಬಳೆ ಒಡೆಯುವಷ್ಟು ಕೈ ಹಿಂಡಿದ. ಸ್ವಲ್ಪ ತಗ್ಗಿತು. ದುಂಡನೆಯ ಗುರುತು ಮಾತ್ರ ಹೋಗಲಿಲ್ಲ.

ಮುಂದಿನ ವರ್ಷ ಗರ್ಭಕೋಶ ತೆಗೆಸಿಕೊಂಡ. ಅದೇ ಆಸ್ಪತ್ರೆ, ಅದೇ ಬೆಂಚು. ಈ ಸಲ ಕರಡಿಗೆಯನ್ನು ಬಲಗೈಗೆ ಕಟ್ಟಿದೆವು, ನರ್ಸೇ ಅದರ ಮೇಲೆ ಪಟ್ಟಿ ಸುತ್ತಿಕೊಟ್ಟಳು. ನನಗೂ ಆ ಆಪರೇಶನ್ ಆಗಿದೆ, ನಮ್ಮ ಓಣಿಯ ಅರ್ಧ ಹೆಂಗಸರಿಗೆ ಆಗಿದೆ. ಹೊಟ್ಟೆಯ ಮೇಲೆ ನಮ್ಮಿಬ್ಬರಿಗೂ ಒಂದೇ ನಮೂನೆಯ ಗೆರೆ. ಕೆಮ್ಮುವಾಗ ಹೊಟ್ಟೆಗೆ ತಲೆದಿಂಬು ಒತ್ತಿಕೊಳ್ಳಬೇಕೆಂದು ಅವನಿಗೆ ನಾನೇ ಕಲಿಸಿದೆ. ಮೂರನೆಯದೊಂದು ಇದೆ, ಮುಂಗೈಯ ಚರ್ಮ ತೆಗೆದು ಗಂಡಸಿನ ಅಂಗ ಮಾಡುವುದು, ಅದರಿಂದ ತೋಳಿಗೂ ದೊಡ್ಡ ಗುರುತಾಗುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಮಲ್ಲು ವಿಚಾರ ಮಾಡುತ್ತೇನೆ ಅಂದ. ಅದು ಅವನ ವಿಚಾರ, ನಾನು ಬರೆಯುವುದಿಲ್ಲ.

ಮತ್ತೆ ಶ್ರಾವಣ ಬಂತು. ಯಜಮಾನರು ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಮಲ್ಲು ಧೋತರ ಉಟ್ಟು, ಮೇಲೆ ಅಂಗಿ ತೊಟ್ಟು, ತಾನಾಗಿ ಬಂದ. ನಾನು ಒಂದು ದೊಡ್ಡ ಶಲ್ಯ ತೆಗೆದಿಟ್ಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವನ ಕೈಗೆ ಕೊಟ್ಟು, “ಇದನ್ನ ಹೊಚ್ಕೊಂಡು ಕುಂದರ್ಲೇ, ಎಡಕ ಮುಚ್ಚತೈತಿ,” ಅಂದೆ. ಬೇಡಿಕೊಂಡೆ ಅಂದರೂ ಸರಿ. ಜನ ಅವನನ್ನು ನೋಡುತ್ತಾರೆ ಅನ್ನುವ ಅಂಜಿಕೆ ಅರ್ಧ. ನಾನು ಮಾಡಿದ್ದನ್ನು ನೋಡುತ್ತಾರೆ ಅನ್ನುವುದು ಉಳಿದರ್ಧ.

ಅವನು ಶಲ್ಯ ತೆಗೆದುಕೊಂಡು ನಡುವಿಗೆ ಕಟ್ಟಿಕೊಂಡ. ಅಂಗಿ ಬಿಚ್ಚಿ ಮಡಚಿ ಗೂಟಕ್ಕೆ ಹಾಕಿದ. ವಿಭೂತಿ ಹಚ್ಚಿಕೊಂಡ. ನಡೆದು ಹೋಗಿ ಗಂಡಸರ ಸಾಲಿನ ತುದಿಯಲ್ಲಿ ನಿಂತ. ಅಯ್ಯನವರಿಗೆ ಈಗ ಎಂಬತ್ತರ ಹತ್ತಿರ. ಅವನಿಗೆ ಹುಟ್ಟಿದಾಗ ಇಷ್ಟಲಿಂಗ ಕಟ್ಟಿದವರು ಅವರೇ. ಕಣ್ಣು ಕಿರಿದು ಮಾಡಿ ನೋಡಿದರು. ಸಾಲಿನಲ್ಲಿ ಯಾರೂ ಸರಿಯಲಿಲ್ಲ. ನಾನು ಬಿಲ್ವಪತ್ರೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ನನ್ನ ಮೈದುನ ಗುರಪ್ಪ ಯಾವತ್ತೂ ಬಾಯಿ ಬಿಗಿಹಿಡಿದವನಲ್ಲ. “ಎರಡ ಗೆರಿ ಸರ್ಯಪಾ,” ಅಂದ, ಎಲ್ಲರಿಗೂ ಕೇಳುವ ಹಾಗೆ. “ಈ ಎಡಕ ದುಂಡಗ ಏನೋ ಐತಲ್ಲ, ಅದೇನದು?”

ಮಲ್ಲು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಬಾಯಿ ತೆರೆದ. ಮತ್ತೆ ಸುಳ್ಳು ಹೇಳುತ್ತಾನೆ, ನನ್ನ ಸಲುವಾಗಿ, ಅದೂ ಇಷ್ಟಲಿಂಗ ಕೈಯಲ್ಲಿ ಹಿಡಿಯುವ ಹೊತ್ತಿನಲ್ಲಿ! ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಅಷ್ಟರಲ್ಲಿ ಯಜಮಾನರ ದನಿ ಬಂತು.

“ಅದು ಅವರವ್ವನ ಭಕ್ತಿ. ಒಂದೀಟು ಹೆಚ್ಚಾಗಿತ್ತು.” ಕೂತಲ್ಲಿಂದಲೇ ಗುರಪ್ಪನ ತೊಡೆಗೆ ತಟ್ಟಿದರು. “ಸರಿಯಲೇ ಗುರ್ಯಾ ಅತ್ತಾಗ. ನನ್ನ ಮಗಾ ಎಲ್ಲಿ ಕುಂದರಬೇಕು?”

ಯಾರೋ ನಕ್ಕರು. ಗುರಪ್ಪ ಸರಿದ. ಮಲ್ಲು ಕಾಲು ಮಡಚಿ ಅಪ್ಪನ ಮಗ್ಗುಲಿಗೆ ಕೂತು, ಎಡಗೈ ಚಾಚಿದ. ಅಯ್ಯನವರು ಶಂಖ ಎತ್ತಿಕೊಂಡರು. ನಾನು ಬಿಲ್ವಪತ್ರೆಯ ತಟ್ಟೆ ಅಲ್ಲೇ ಇಟ್ಟು, ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದೆ ನಿಂತು ಅತ್ತೆ. ಪಾಯಸ ತಳ ಹತ್ತಿತು.

ಊಟವಾದ ಮೇಲೆ ಯಜಮಾನರನ್ನು ಕೇಳಿದೆ. “ನಿಮಗ ಯಾರ ಹೇಳಿದ್ರು? ಮಲ್ಲು?”

“ಅಂವಾ ಯಾಕ ಹೇಳ್ತಾನ? ಮುಂಬೈಯಿಂದ ಬಂದ ಮ್ಯಾಲ ಲಿಂಗಾ ಅರಿವ್ಯಾಗ ಅಂವನ ತೋಳಿಗೆ ಕಟ್ಟಿ, ಬರೇ ಕರಡಗಿ ತಿಕ್ಕಾಕ ನನ್ನ ಕಡೆನ ಕೊಟ್ಟಿದ್ದಿಲ್ಲ? ಒಂದ ಮಗ್ಗಲ ಕರ್ರಗ ಆಗಿತ್ತು. ನಾ ಏನ ಕುಡ್ಡ ಅದೇನೇನು?”

ಅಂದರೆ ಗಂಜಿಯಿಲ್ಲದ ಬಟ್ಟೆ ನೇಯುವ ಮೊದಲೇ ಅವರಿಗೆ ತಿಳಿದಿತ್ತು. ಒಂದು ಮಾತೂ ಆಡಿರಲಿಲ್ಲ. ಅವತ್ತು ಸಂಜೆಯೇ ನಾನು ತಂಗಿಗೂ ನಿಜ ಹೇಳಿದೆ.

ಮಲ್ಲುಗೆ ಕೇಳಿದೆ, ಹೇಗಿತ್ತು ಅಂತ. “ಫ್ಯಾನಿನ ಗಾಳಿ ಎದಿಗೆ ಬಡೀತು ಯವ್ವಾ,” ಅಂದ. ಆಮೇಲೆ, “ಬಲಕ ತಂಪಾತು. ಎಡಕ ಅಷ್ಟು ಗೊತ್ತಾಗಲಿಲ್ಲ, ಅಲ್ಲಿ ಚರ್ಮ ಸತ್ತೈತಿ. ಆದ್ರ ಗಾಳಿ ಬರಾಕತ್ತೈತಿ ಅಂತ ಗೊತ್ತಿತ್ತು,” ಅಂದ. ಮರುದಿನ ಪೂಜೆಯಲ್ಲಿ ಇದನ್ನು ಎಣಿಸಬೇಕೋ ಬೇಡವೋ ತಿಳಿಯದೆ ಬೆರಳನ್ನು ಅರ್ಧ ಮಡಚಿದೆ.

ಬೆಳಗಲಿಯ ತಾಯಿ, ನೀವು ಇನ್ನೊಮ್ಮೆ ಬನ್ನಿ, ಕೂಸನ್ನೂ ಕರೆದುಕೊಂಡು ಬನ್ನಿ. ಮಲ್ಲು ರವಿವಾರ ಮನೆಯಲ್ಲಿರುತ್ತಾನೆ. ಅಷ್ಟರಲ್ಲಿ ಆ ಸ್ವೆಟರಿನ ಕೆಳಗೆ ಏನು ಕಟ್ಟಿದೆ ಅಂತ ಬೈಯದೆ ಕೇಳಿರಿ. ರಬ್ಬರು ಇದ್ದರೆ ತೆಗೆಸಿರಿ, ಮೆತ್ತನೆಯ ಬಟ್ಟೆ ನಮ್ಮ ಮನೆಯಲ್ಲಿದೆ. ಮುಂದೆ ಆಸ್ಪತ್ರೆಗೆ ಹೋಗುವುದಾದರೆ, ನೀವು ಮಾಡುವ ದೇವರನ್ನೆಲ್ಲ ಮಾಡಿರಿ. ನೀವೂ ಲಿಂಗ ಕಟ್ಟಿದವರು, ಕರಡಿಗೆಯನ್ನು ಮಾತ್ರ ಕೈಗೆ ಕಟ್ಟಿರಿ. ಬಲಗೈಗೆ. ಎಡಗೈಗೆ ಸಲಾಯಿನ್ ಹಚ್ಚುತ್ತಾರೆ.